ನಾಲ್ಕನೆಯ ದಿನ

ನಮ್ಮ ಅಜ್ಜ ಔಷಧಿ ಕೊಡುವುದಕ್ಕಿಂತ ಔಷಧಿ ನಿಲ್ಲಿಸುವುದರಲ್ಲಿ ಗಟ್ಟಿಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬರೆದ ದೊಡ್ಡ ಪ್ರಬಂಧದಲ್ಲಿ ಈ ಮಾತು ಎಲ್ಲಿಯೂ ಇಲ್ಲ.

ಕುಬಿಹಾಳದಲ್ಲಿ ಕಲಾಯಿ ಶರೀಫಸಾಬ ಅಂದರೆ ಯಾರಾದರೂ ಮನೆ ತೋರಿಸುತ್ತಾರೆ. ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಬೆಂಕಿಯಲ್ಲಿ ಕಾಸಿ ತವರದ ಕಲಾಯಿ ಹಾಕುವುದು ಅಜ್ಜನ ಕಸುಬು. ಆ ಕಸುಬಿನವರಿಗೆ ಸುಟ್ಟ ಗಾಯ ತಪ್ಪಿದ್ದಲ್ಲ. ಅದಕ್ಕೇ ಅವರಪ್ಪ ಒಂದು ಎಲೆ ತೋರಿಸಿಕೊಟ್ಟಿದ್ದ. ಸ್ಟೀಲು ಬಂತು, ಕಲಾಯಿ ಹೋಯಿತು, ಎಲೆ ಮಾತ್ರ ಊರಿನವರ ಎಲ್ಲ ಗಾಯಗಳಿಗೂ ಉಳಿಯಿತು. ಬೆಳಗಿನ ನಮಾಜು ಮುಗಿಸಿ ಹೊಲದ ಬದುವಿಗೆ ಹೋಗಿ ಕಿತ್ತು ತರುತ್ತಿದ್ದ. ಯಾರಿಗೂ ಗುರುತು ಸಿಗಬಾರದೆಂದು ಒಳಗೇ ಅರೆದು, ಉಂಡೆ ಮಾಡಿಕೊಂಡು ಹೊರಗೆ ಬರುತ್ತಿದ್ದ. ಹೆಸರು ಹೇಳಿದರೆ ಗುಣ ಹೋಗುತ್ತದೆ ಎಂದು ಅವರಪ್ಪ ಹೇಳಿದ್ದನಂತೆ.

ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಗುಣ ಹೋದೀತೆಂಬ ಹೆದರಿಕೆ ನನಗಿಲ್ಲ. ಬರೆದರೆ ಓದಿದವರಲ್ಲಿ ಒಬ್ಬರಾದರೂ ನಾಳೆಯೇ ಕಿತ್ತು ಅರೆದು ಹಚ್ಚಿಕೊಳ್ಳುತ್ತಾರೆ. ನಮ್ಮ ಜನ ನನಗೆ ಗೊತ್ತು.

ಅಜ್ಜನದು ಒಂದೇ ಕಟ್ಟಳೆ. ಮೂರು ದಿನ ಎಲೆ ಹಚ್ಚಿ ಬಟ್ಟೆ ಕಟ್ಟುವುದು, ನಾಲ್ಕನೆಯ ದಿನ ಬಿಚ್ಚಿ ನೋಡುವುದು. ಅಂಚು ಒಣಗಿದ್ದರೆ ಮುಂದುವರಿಸುತ್ತಿದ್ದ. ಒಣಗದಿದ್ದರೆ, ಇಲ್ಲವೇ ಬಟ್ಟೆ ಮೂಗಿನ ಹತ್ತಿರ ಹಿಡಿದಾಗ ವಾಸನೆ ಬೇರೆ ಬಂದರೆ, ಅಲ್ಲಿಗೆ ಮುಗಿಯಿತು. ಯಾರು ಕಾಲಿಗೆ ಬಿದ್ದರೂ ಮತ್ತೆ ಹಚ್ಚುತ್ತಿರಲಿಲ್ಲ. ಓಣಿಯ ಹಾರೂನ್ ಒಮ್ಮೆ ಬೈಕಿನ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟುಕೊಂಡು ಬಂದಿದ್ದ. ನಾಲ್ಕನೆಯ ದಿನ ಗಾಯ ಹಸಿಯಾಗೇ ಇತ್ತು.

"ಇನ್ನೊಂದ ಸಲಾ ಹಚ್ರಿ ಕಾಕಾ," ಎಂದು ಹಾರೂನ್ ಗೋಗರೆದ.

"ಏಳಲೇ ಮ್ಯಾಲ," ಅಂದ ಅಜ್ಜ. "ಮೂರ ದಿನಾ ನನ್ನವು. ನಾಕನೇ ದಿನಾ ದವಾಖಾನಿದು. ಕಾಲ ನಿಂದು, ಹಟಾ ನನ್ನ ಮುಂದ ಯಾಕ ಮಾಡ್ತಿ?"

ಹಾರೂನ್ ಬೈದುಕೊಳ್ಳುತ್ತ ಹುಬ್ಬಳ್ಳಿಗೆ ಹೋದ, ಗುಣವಾಗಿ ಬಂದ. ಹಾಗೆ ಅಜ್ಜ ಹೊರಗೆ ಕಳಿಸಿ ಉಳಿಸಿದವರ ಲೆಕ್ಕ ಯಾರೂ ಇಟ್ಟಿಲ್ಲ. ಎಲೆಯಿಂದ ಗುಣವಾದವರನ್ನು ಮಾತ್ರ ಊರು ನೆನಪಿಟ್ಟುಕೊಂಡಿತು. ನಾನೂ ಅದೇ ಊರಿನವಳು.

ನನ್ನ ಹೆಸರು ನಾಜಮೀನ್. ಅಪ್ಪ ಯುನೂಸ್ ಹುಬ್ಬಳ್ಳಿಯಲ್ಲಿ ಟೇಲರ್. ಅಮ್ಮ ನಾನು ಮೂರು ವರ್ಷದವಳಿದ್ದಾಗ ತೀರಿಕೊಂಡಳು, ಹಾಗಾಗಿ ಬೆಳೆದದ್ದು ಕುಬಿಹಾಳದಲ್ಲಿ ಅಜ್ಜನ ಹತ್ತಿರ. ಹತ್ತಿರ ಅಂದೆ, ಉಂಡದ್ದು ಮಾತ್ರ ಗೋಡೆಯಾಚೆ. ನಮ್ಮದೂ ರೇವವ್ವನದೂ ನಡುವೆ ಒಂದೇ ಗೋಡೆ. ರೇವವ್ವ ದಿನಾ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿಯೇ ಒಲೆ ಹಚ್ಚುವ ಹೆಂಗಸು. ಮೊದಲ ರೊಟ್ಟಿ ನನಗೆ, ಎರಡನೆಯದು ಅವಳ ಮಗ ಸಂಗನಬಸವನಿಗೆ. "ಪರರ ಮನಿ ಕೂಸಿಗೆ ಮೊದಲ ಕೊಡ್ತಿ" ಎಂದು ಅವನು ಅಳುತ್ತಿದ್ದ. ನಮ್ಮ ಮನೆಯಲ್ಲಿ ಅಪ್ಪನ ಅಪ್ಪನಿಗೆ ದಾದಾ ಅನ್ನುವುದು ರೂಢಿ. ನಾನು ಅವಳ ಮನೆಯಲ್ಲಿ ಮಾತು ಕಲಿತದ್ದಕ್ಕೆ ಅಜ್ಜ ಅನ್ನುತ್ತೇನೆ, ಅವಳನ್ನು ಆಯಿ ಅನ್ನುತ್ತಿದ್ದೆ.

ಧಾರವಾಡದಲ್ಲಿ ಸಂಶೋಧನೆಗೆ ಸೇರಿದಾಗ ನನ್ನ ವಿಷಯ ಈ ಭಾಗದ ಔಷಧಿ ಗಿಡಗಳು. ಅವುಗಳ ಸಾರ ತೆಗೆದು ಅದರಲ್ಲಿ ಯಾವ ರಾಸಾಯನಿಕಗಳಿವೆ, ಅದು ರೋಗಾಣುಗಳನ್ನು ಕೊಲ್ಲುತ್ತದೆಯೇ ಎಂದು ನೋಡುವುದು. ಹನ್ನೊಂದು ಗಿಡ ಸಿಕ್ಕವು. ಹನ್ನೆರಡನೆಯದಕ್ಕೆ ಅಜ್ಜನ ಮುಂದೆ ಕೂತೆ. ಎರಡು ತಿಂಗಳು ಬಾಯಿ ಬಿಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬದುವಿಗೆ ಕರೆದುಕೊಂಡು ಹೋಗಿ, ಬಗ್ಗಿ ಒಂದು ರೆಂಬೆ ಮುರಿದು ಕೈಗಿಟ್ಟ. "ನಿಮ್ಮಪ್ಪಗ ಇದು ಬ್ಯಾಡ. ನೀ ತಗೊ," ಅಂದ.

ನನ್ನ ಹತ್ತಿರ ಅಚ್ಚು ಹಾಕಿಸಿದ ಮಾಹಿತಿ ಹಾಳೆ ಇತ್ತು. ಗಿಡದ ಹೆಸರು, ಬಳಸುವ ಭಾಗ, ತಯಾರಿಸುವ ರೀತಿ, ಪ್ರಮಾಣ, ಯಾವ ರೋಗಕ್ಕೆ. ಅಜ್ಜ ಒಂದೊಂದಕ್ಕೂ ಉತ್ತರ ಹೇಳಿ, ಪ್ರತಿ ಸಲವೂ ಕೊನೆಗೆ, "ನಾಕನೇ ದಿನದ್ದು ಬರ್ಕೊಂಡಿ?" ಎಂದು ಕೇಳುತ್ತಿದ್ದ. ಮೂರು ಸಲ ಕೇಳಿದ. ಬರೆದುಕೊಂಡೆ ಎಂದು ಮೂರು ಸಲವೂ ಹೇಳಿದೆ. ಎಲ್ಲಿ ಬರೆಯಲಿ? ಯಾವಾಗ ನಿಲ್ಲಿಸಬೇಕು ಎಂಬ ಕಾಲಂ ಆ ಹಾಳೆಯಲ್ಲಿ ಇರಲಿಲ್ಲ. ಅಂಚಿನಲ್ಲಿ ಎರಡು ಬೆರಳಷ್ಟು ಖಾಲಿ ಜಾಗ ಇತ್ತು, ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಎಲೆ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ಸಾರ ಇಳಿಸಿದೆ. ಗಾಜಿನ ನಳಿಕೆಯಲ್ಲಿ ಸ್ವಲ್ಪ ತೆಗೆದುಕೊಂಡು ಎರಡು ಹನಿ ಫೆರಿಕ್ ಕ್ಲೋರೈಡ್ ಬಿಟ್ಟರೆ ಹಸಿರಿದ್ದದ್ದು ಕಡುನೀಲಿಗೆ ತಿರುಗಿತು, ಅಂದರೆ ಟ್ಯಾನಿನ್ ಇದೆ. ನೀರು ಹಾಕಿ ಕುಲುಕಿದರೆ ನೊರೆ ಇಳಿಯದೆ ನಿಂತಿತು, ಸಪೋನಿನ್ ಇದೆ. ಆಮೇಲೆ ಗಾಜಿನ ಸಣ್ಣ ತಟ್ಟೆಗಳಲ್ಲಿ ರೋಗಾಣು ಬೆಳೆಯುವ ಅಗರ್ ಲೋಳೆ ಹೆಪ್ಪುಗಟ್ಟಿಸಿ, ಅದರ ಮೇಲೆ ಕೀವು ಮಾಡುವ ರೋಗಾಣುವನ್ನು ಸವರಿ, ಸಣ್ಣ ಕುಣಿ ಕೊರೆದು ಸಾರ ಹಾಕಿ ಇಟ್ಟೆ. ಮರುದಿನ ತೆಗೆದಾಗ ತಟ್ಟೆಯ ತುಂಬ ಮಬ್ಬು ಬಿಳುಪು ಹಬ್ಬಿತ್ತು. ಅಜ್ಜನ ಎಲೆಯ ಕುಣಿಯ ಸುತ್ತ ಮಾತ್ರ ಸ್ವಚ್ಛ ಉಂಗುರ, ಅಂದರೆ ಅಲ್ಲಿನ ರೋಗಾಣು ಸತ್ತಿತ್ತು. ಪಟ್ಟಿ ಇಟ್ಟು ಅಳೆದೆ, ಹದಿನೆಂಟು ಮಿಲಿಮೀಟರು. ಉಳಿದ ಹನ್ನೊಂದು ಗಿಡಗಳಲ್ಲಿ ಯಾವುದೂ ಹತ್ತು ದಾಟಿರಲಿಲ್ಲ. ನಾನು ಅಲ್ಲೇ ಕುಣಿದಾಡಿದೆ, ಸುಳ್ಳು ಯಾಕೆ ಹೇಳಲಿ.

ಭಾನುವಾರ ಊರಿಗೆ ಹೋಗಿ ಮೊಬೈಲಿನಲ್ಲಿ ಫೋಟೊ ತೋರಿಸಿದೆ. ರೇವವ್ವನೂ ಬಂದಿದ್ದಳು.

"ಇದೇನ ಬೇ, ದೋಸಿ ಹೊಯ್ದಂಗೈತಿ," ಎಂದು ನಕ್ಕಳು. "ಇದಕ್ಕ ಧಾರವಾಡಕ್ಕ ಹೋಗಬೇಕೇನ? ನನ್ನ ಹಂಚಿನ ಮ್ಯಾಲ ಇದಕ್ಕಿಂತಾ ಛಂದ ತೂತ ಬೀಳ್ತಾವ."

ಅಜ್ಜ ನಗಲಿಲ್ಲ. ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಈ ಹುಳಾ ಯಾರ ಗಾಯದಾಗಿನವು?"

"ಯಾರ ಗಾಯದ್ದೂ ಅಲ್ಲ ಅಜ್ಜಾ. ಪ್ರಯೋಗಕ್ಕಂತ ಬೆಳಸಿರ್ತಾರ, ನಾವು ತರಸ್ತೀವಿ."

"ಹಂಗಾರ ಇವು ಮೈ ಕಂಡಿಲ್ಲ, ರಕ್ತಾ ಕಂಡಿಲ್ಲ."

ನನಗೆ ನಗು ಬಂತು. ನನ್ನ ಇಡೀ ಕೆಲಸದ ಮೇಲೆ ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಎಂದು ಈಗ ಗೊತ್ತು. ಮುದುಕನಿಗೆ ಏನು ತಿಳಿಯುತ್ತದೆ ಅಂದುಕೊಂಡೆ ಆಗ.

"ಸತ್ತಿದ್ದು ಖರೇ ಏನ?" ಎಂದು ಮತ್ತೆ ಕೇಳಿದ.

"ಅಗದಿ ಖರೇ. ನಾನಽ ಅಳದೀನಿ."

ಅಜ್ಜನ ಕಣ್ಣಲ್ಲಿ ನೀರು ಬಂತು. ಅರವತ್ತು ವರ್ಷ ಎಲೆ ಕೊಟ್ಟವನಿಗೆ ಅದು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಸಂಶಯ ಒಳಗೊಳಗೇ ಇತ್ತೆಂದು ನನಗೆ ಅವತ್ತು ತಿಳಿಯಿತು. "ಅಪ್ಪ ಸುಳ್ಳ ಹೇಳಿಲ್ಲ," ಅಂದ. ನನ್ನ ಪುಸ್ತಕದಲ್ಲಿ ನಿನ್ನ ಹೆಸರು ಬರೆಯುತ್ತೇನೆ ಅಜ್ಜಾ ಎಂದು ನಾನು ಬೀಗಿದೆ. ಗ್ರಾಮ ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಸಂಗನಬಸವ ಆ ಫೋಟೊ ತೆಗೆದುಕೊಂಡು ಊರಿನ ಗುಂಪಿಗೆಲ್ಲ ಕಳಿಸಿದ. ನಮ್ಮ ಶರೀಫ ಕಾಕಾನ ಔಷಧಿ ಧಾರವಾಡದಲ್ಲಿ ಪಾಸಾಗಿದೆ ಎಂದು ಮೇಲೆ ಬರೆದಿದ್ದ.

ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ರೇವವ್ವನ ಅಂಗಾಲಿಗೆ ಜಾಲಿಮುಳ್ಳು ಮುರಿಯಿತು. ಅವಳಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಗುಳಿಗೆ ನೆನಪಾದರೆ ನುಂಗುವುದು, ಇಲ್ಲವಾದರೆ ಇಲ್ಲ. ಮುಳ್ಳು ಹೊಕ್ಕದ್ದೇ ಅವಳಿಗೆ ಗೊತ್ತಾಗಿರಲಿಲ್ಲ, ಸಂಜೆ ಕಾಲು ತೊಳೆಯುವಾಗ ರಕ್ತ ಕಂಡು ನೋಡಿಕೊಂಡಳು. ಎರಡು ದಿನ ಬಿಟ್ಟು ಗೋಡೆಯಾಚೆಯಿಂದ ಅಜ್ಜನನ್ನು ಕೂಗಿದಳು. ಅಜ್ಜ ಮುಳ್ಳು ತೆಗೆದು, ಎಲೆ ಅರೆದು ಹಚ್ಚಿ ಕಟ್ಟಿದ.

ನಾಲ್ಕನೆಯ ದಿನ ನನಗೆ ಫೋನು ಬಂತು. ನಾನು ಎರಡನೆಯ ಸುತ್ತಿನ ಪ್ರಯೋಗದಲ್ಲಿದ್ದೆ. ಕೈಗವಸು ತೊಟ್ಟಿದ್ದೆ, ಮುಂದೆ ಇಪ್ಪತ್ತನಾಲ್ಕು ತಟ್ಟೆ ಸಾಲಾಗಿ ಇದ್ದವು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ.

"ನಾಜೂ, ರೇವವ್ವನ ಕಾಲ ಬಿಚ್ಚೇನಿ," ಅಂದ ಅಜ್ಜ. "ಅಂಚು ಒಣಗಿಲ್ಲ. ವಾಸನಿ ಸ್ವಲ್ಪ ಬ್ಯಾರೆ ಐತಿ. ದವಾಖಾನಿಗೆ ಹೋಗವ್ವಾ ಅಂದ್ರ ನಗತಾಳ. ನಮ್ಮ ನಾಜೂ ಪರೀಕ್ಷಾ ಮಾಡಿದ ಔಷಧ ಬಿಟ್ಟು ಎಲ್ಲೆ ಹೋಗ್ಲಿ ಅಂತಾಳ. ನೀ ಏನ ಅಂತಿ?"

ಅಜ್ಜ ತನ್ನ ಜೀವಮಾನದಲ್ಲಿ ಯಾರನ್ನೂ ಹಾಗೆ ಕೇಳಿದವನಲ್ಲ.

"ನೋವು ಐತಂತೇನ ಆಕಿಗೆ?"

"ಒಟ್ಟಽ ಇಲ್ಲಂತ."

"ಮತ್ತ? ನೋವಿಲ್ಲಂದ್ರ ಗಾಯ ಮಾಯಾಕತ್ತೈತಿ ಅಂತನಽ ಅರ್ಥ. ಇನ್ನೊಂದ ನಾಕ ದಿನಾ ಹಚ್ಚು ಅಜ್ಜಾ. ಹುಳಾ ಸಾಯೂದು ಕಣ್ಣಾರೆ ನೋಡೇವಲ್ಲ."

"ಹಚ್ಲಿ?"

"ಹಚ್ಚು."

ಪಕ್ಕದಲ್ಲಿ ರೇವವ್ವ ನಗುವುದು ಕೇಳಿಸಿತು. ಅಷ್ಟೇ ಮಾತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಸಕ್ಕರೆ ಕಾಯಿಲೆಯವರ ಪಾದದ ನರ ಸತ್ತು ನೋವು ತಿಳಿಯುವುದಿಲ್ಲ, ನೋವಿಲ್ಲದ ಗಾಯಕ್ಕೇ ಹೆಚ್ಚು ಹೆದರಬೇಕು ಎಂದು ಬಿ.ಎಸ್ಸಿ. ಎರಡನೆಯ ವರ್ಷದಲ್ಲೇ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವಳು ನಾನು. ಆ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ. ಬಂದದ್ದು ಹದಿನೆಂಟು ಮಿಲಿಮೀಟರು. ಫೋನಿಟ್ಟು ಮುಂದಿನ ತಟ್ಟೆ ತೆಗೆದುಕೊಂಡೆ.

ಒಂಬತ್ತನೆಯ ದಿನ ಜ್ವರ ಬಂತು. ಹತ್ತನೆಯ ದಿನ ಕಾಲ್ಬೆರಳುಗಳು ಕಪ್ಪಾದವು. ಅವತ್ತು ಅಜ್ಜ ನನ್ನನ್ನು ಕೇಳಲಿಲ್ಲ, ಪಂಚಾಯಿತಿಗೆ ಓಡಿ ಹೋಗಿ ಸಂಗನಬಸವನ ಕೈ ಹಿಡಿದು ಎಳೆದುಕೊಂಡು ಬಂದ. ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದರು. ಮೊಣಕಾಲಿನ ಮೇಲೆ ಕಾಲು ತೆಗೆಯಬೇಕು, ಆದರೂ ನಂಜು ರಕ್ತಕ್ಕೆ ಇಳಿದಿದೆ, ಏನೂ ಹೇಳಲಾಗದು ಎಂದರು ವೈದ್ಯರು. ನಾನು ಧಾರವಾಡದಿಂದ ಬರುವ ಹೊತ್ತಿಗೆ ಅವಳನ್ನು ಆಪರೇಶನ್ನಿಗೆ ಸಿದ್ಧ ಮಾಡುತ್ತಿದ್ದರು.

ಅವಳ ಹಣೆಯ ವಿಭೂತಿ ಅಳಿಸಿತ್ತು. ಹಾಗೆ ನಾನು ಅವಳನ್ನು ಎಂದೂ ನೋಡಿರಲಿಲ್ಲ.

"ಬಂದ್ಯಾ ಬೇ," ಅಂದಳು. ಕೈ ಹಿಡಿದುಕೊಂಡೆ, ಸುಡುತ್ತಿತ್ತು. "ಉಂಡಿ?"

ಹೂಂ ಎಂದು ತಲೆ ಆಡಿಸಿದೆ.

"ನನಗೊಂದ ಚಿಂತಿ ಹತ್ತೇತಿ ನಾಜೂ. ನಮ್ಮೋರನ ಮಲಗಸಂಗಿಲ್ಲ, ಕುಂದರಸಿ ಮಣ್ಣ ಮಾಡ್ತಾರ. ಕಾಲ ಮಡಚಿ, ಪೂಜಿಗೆ ಕುಂತಂಗ. ಈಗ ಒಂದ ಕಾಲ ಇವರು ಇಟ್ಕೊಂಡ್ರ, ನನ್ನ ಹೆಂಗ ಕುಂದರಸ್ತಾರ?"

"ಹಂಗೆಲ್ಲಾ ಮಾತಾಡಬ್ಯಾಡ ಆಯಿ. ಆರಾಮ ಆಗ್ತಿ."

"ವಾಲಿ ಬಿದ್ದೀನಿ ಅಂತ ಭಯಾ," ಎಂದು ನಗಲು ನೋಡಿದಳು. ಅಷ್ಟರಲ್ಲಿ ಸ್ಟ್ರೆಚರ್ ತಂದು ಅವಳನ್ನು ಒಳಗೆ ಒಯ್ದರು.

ಆಪರೇಶನ್ನಿನ ಮರುದಿನ ಒಂದಷ್ಟು ಹೊತ್ತು ಮಗನ ಜೊತೆ ಮಾತಾಡಿದಳಂತೆ. ನಾನು ಔಷಧಿ ಅಂಗಡಿಯ ಸಾಲಿನಲ್ಲಿದ್ದೆ. ಅದರ ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ಅವರ ಹೊಲದಲ್ಲೇ ಗುಣಿ ತೋಡಿದರು. ಹೆಂಗಸರ ಜೊತೆ ನಾನು ಬದುವಿನ ಮೇಲೆ ನಿಂತಿದ್ದೆ. ಸಂಗನಬಸವ ಹೊಸ ಬಿಳಿ ಬಟ್ಟೆಯಲ್ಲಿ ವಿಭೂತಿ ತುಂಬಿ, ಉದ್ದ ಗಂಟು ಕಟ್ಟಿ, ಇಲ್ಲದ ಕಾಲಿನ ಜಾಗದಲ್ಲಿ ಮಡಚಿಟ್ಟ. ಎರಡು ಸಲ ಜಾರಿತು. ಮೂರನೆಯ ಸಲ ಅಜ್ಜ ಮುಂದೆ ಹೋದ. ಸ್ವಾಮಿಗಳು ಬೇಡ ಅನ್ನಲಿಲ್ಲ. ಎಂಬತ್ತರ ಹತ್ತಿರದ ಮುದುಕ ಗುಣಿಗಿಳಿದು, ಅವಳು ನೆಟ್ಟಗೆ ಕೂಡುವವರೆಗೆ ಹೆಗಲು ಕೊಟ್ಟು ನಿಂತ.

ಮೇಲೆ ಬಂದು ಸಂಗನಬಸವನ ಮುಂದೆ ಕೈ ಮುಗಿದ. "ನನ್ನ ಕೈ ತಪ್ಪತಪಾ," ಅಂದ. "ನಾಕನೇ ದಿನಾ ನಿಲ್ಲಸಬೇಕಿತ್ತು. ನಿಲ್ಲಸಲಿಲ್ಲ."

ಯಾಕೆ ನಿಲ್ಲಿಸಲಿಲ್ಲ ಎಂದು ಹೇಳಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಆ ಫೋನಿನ ಮಾತು ಗೊತ್ತಿದ್ದವರು ಮೂವರು. ಒಬ್ಬಳು ಗುಣಿಯಲ್ಲಿದ್ದಳು, ಒಬ್ಬ ಬಾಯಿ ಬಿಡಲಿಲ್ಲ. ಮೂರನೆಯವಳು ನಾನು. ಸೆರಗು ಬಾಯಿಗಿಟ್ಟು ಅಳುವ ಹೆಂಗಸರ ನಡುವೆ ಅಳುತ್ತ ನಿಂತಿದ್ದೆ. ಅದಕ್ಕಿಂತ ಸುರಕ್ಷಿತ ಜಾಗ ಇನ್ನೊಂದಿರಲಿಲ್ಲ.

ಅಜ್ಜ ಔಷಧಿ ಬಿಟ್ಟ. ಬಂದವರಿಗೆ ಬಾಗಿಲಲ್ಲೇ ದವಾಖಾನೆಗೆ ಹೋಗ್ರಿ ಎಂದು ಹೇಳಿ ಕಳಿಸಿದ. ಊಟ ಅರ್ಧ ರೊಟ್ಟಿಗೆ ಇಳಿಯಿತು. ನಾನು ಧಾರವಾಡಕ್ಕೆ ಹೊರಟ ದಿನ ಬಸ್ಸಿನವರೆಗೆ ಬಂದು ಒಂದೇ ಮಾತು ಹೇಳಿದ.

"ನನ್ನ ಹೆಸರು ಬರೀತೀನಿ ಅಂದಿದ್ದಿ. ಬರಿ. ಅದರ ಬಾಜು ಆಕಿ ಹೆಸರೂ ಬರಿ. ಈ ಎಲಿ ಹಚ್ಚಿ, ನಾಕನೇ ದಿನಾ ನಿಲ್ಲಸದಽ ಒಬ್ಬಾಕಿ ಸತ್ಲು ಅಂತ ಬರಿ. ಮುಂದ ಓದಾವ್ರಿಗೆ ಗೊತ್ತಾಗ್ಲಿ."

ಬರೆದೆ. ಹನ್ನೆರಡನೆಯ ಗಿಡದ ಅಧ್ಯಾಯದ ಕೊನೆಗೆ ಅರ್ಧ ಪುಟ ಬರೆದು ನನ್ನ ಮಾರ್ಗದರ್ಶಕಿ ಮೇಡಮ್ ಅವರಿಗೆ ಕೊಟ್ಟೆ. ಅವರು ಹೊಡೆದು ಹಾಕುತ್ತಾರೆ ಅಂದುಕೊಂಡಿದ್ದೆ, ಹಾಗಾದರೂ ಆಗಿದ್ದರೆ ಈಗ ಬೈಯಲಿಕ್ಕೆ ಒಬ್ಬರು ಸಿಗುತ್ತಿದ್ದರು. ಅವರು ಕನ್ನಡಕ ತೆಗೆದಿಟ್ಟು, "ಇದು ಬಹಳ ಮುಖ್ಯ ನಾಜಮೀನ್, ಇರಲಿ," ಅಂದರು. "ಒಂದೇ ಕೊರತೆ. ಅರವತ್ತು ವರ್ಷ ನಾಲ್ಕನೆಯ ದಿನ ನಿಲ್ಲಿಸಿದವರು ಈ ಸಲ ಯಾಕೆ ಮುಂದುವರಿಸಿದರು? ಅದನ್ನೂ ಬರಿ."

ಆ ರಾತ್ರಿಯೊಳಗೆ ಬರೆದು ಕೊಡುತ್ತೇನೆ ಎಂದು ಬಂದೆ. ಕಂಪ್ಯೂಟರಿನ ಮುಂದೆ ಕೂತು ಒಂದು ವಾಕ್ಯ ಟೈಪು ಮಾಡಿದೆ, ಅಳಿಸಿದೆ. ಸಂಶೋಧಕಿಯ ಸಲಹೆಯ ಮೇರೆಗೆ ಎಂದು ಬರೆಯಬೇಕಿತ್ತು. ಪ್ರಬಂಧದ ಮೌಖಿಕ ಪರೀಕ್ಷೆ ಹತ್ತಿರ ಬಂದಿತ್ತು, ಕೆಲಸಕ್ಕೆ ಅರ್ಜಿ ಹಾಕಿದ್ದೆ. ಕೊನೆಗೆ ಇಡೀ ಅರ್ಧ ಪುಟವನ್ನೇ ತೆಗೆದುಹಾಕಿದೆ. ದಾಖಲೆ ಪೂರ್ತಿ ಸಿಗಲಿಲ್ಲ ಮೇಡಮ್ ಎಂದು ಹೇಳಿದೆ, ಅವರು ನಂಬಿದರು.

ಪದವಿ ಬಂತು. ಕಪ್ಪು ರಟ್ಟಿನ ಪ್ರಬಂಧ ಹಿಡಿದು ಊರಿಗೆ ಹೋದೆ. ಅಜ್ಜ ಕೈ ತೊಳೆದುಕೊಂಡು, ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡ. ಇಂಗ್ಲಿಷಿರಲಿ, ಕನ್ನಡವೂ ಅವನಿಗೆ ಓದಲು ಬಾರದು.

"ರೇವವ್ವನ ಹೆಸರು ಎಲ್ಲೈತಿ?"

ಇಲ್ಲ ಎಂದು ಹೇಳಲಿಕ್ಕೇ ಬಾಯಿ ತೆರೆದಿದ್ದೆ. ಅವನ ಮುಖ ನೋಡಿದೆ. ಹನ್ನೆರಡನೆಯ ಗಿಡದ ಪುಟ ತೆಗೆದು, ಒಂದು ಸಾಲಿನ ಮೇಲೆ ಅವನ ಬೆರಳಿಟ್ಟು, "ಇಲ್ಲೈತಿ ಅಜ್ಜಾ," ಅಂದೆ. ಎಲೆಗಳನ್ನು ನಲ್ಲಿಯ ನೀರಿನಲ್ಲಿ ಎರಡು ಸಲ ತೊಳೆದು ನೆರಳಿನಲ್ಲಿ ಒಣಗಿಸಲಾಯಿತು ಎಂದು ಆ ಸಾಲಿನಲ್ಲಿತ್ತು.

ಅಜ್ಜನ ಮುಖ ಅರಳಿತು. ನಾನು ತಡೆಯುವ ಮುಂಚೆಯೇ ಗೋಡೆಯಾಚೆ ಕೂಗಿದ. "ಸಂಗ್ಯಾ, ಬಾರೋ ಇಲ್ಲೆ. ನಿಮ್ಮವ್ವನ ಹೆಸರು ಪುಸ್ತಕದಾಗ ಬಂದೇತಿ ನೋಡ ಬಾ."

ಸಂಗನಬಸವ ಬಂದ. ಅವನಿಗೆ ಇಂಗ್ಲಿಷು ಬರುತ್ತದೆ. ಅಜ್ಜ ತೋರಿಸಿದ ಸಾಲು ಓದಿದ. ಕೆಳಗಿನದು ಓದಿದ. ಪುಟ ತಿರುವಿ ಹಿಂದಿನದು, ಮುಂದಿನದು ಓದಿದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಐತೇನೋ?" ಎಂದು ಅಜ್ಜ ಕೇಳಿದ.

"ಹೌದ್ರಿ ಕಾಕಾ, ಐತಿ," ಅಂದ. "ಛಂದ ಬರದಾರ."

"ನಾಕನೇ ದಿನದ್ದು?"

"ಅದೂ ಐತ್ರಿ."

ಪ್ರಬಂಧವನ್ನು ಅಜ್ಜನ ತೊಡೆಯ ಮೇಲಿಟ್ಟು ಹೊರಗೆ ಬಂದ. ನಾನು ಹಿಂದೆಯೇ ಹೋದೆ. "ಸಂಗಣ್ಣಾ," ಅಂದೆ.

ಅವನು ಬಗ್ಗಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ಒಳಗೆ ಕೇಳಿಸದ ಹಾಗೆ ಮಾತಾಡಿದ. "ಫೋನಿನಾಗ ನೀ ಹಚ್ಚು ಅಂದಿದ್ದು ಅವ್ವ ನನಗ ಹೇಳ್ಯಾಳ, ದವಾಖಾನ್ಯಾಗ. ನಾಜೂಗ ಏನೂ ಅನಬ್ಯಾಡಪಾ, ಓದೂ ಹುಡುಗಿ, ಎದಿ ಒಡಕೊಂತೈತಿ ಅಂದ್ಲು. ಅದಕ್ಕ ನಾ ಏನೂ ಅನ್ನಂಗಿಲ್ಲ."

ಹೋದ. ಒಳಗೆ ಅಜ್ಜ ಆ ಸಾಲಿನ ಮೇಲೆ ಬೆರಳು ಎಳೆಯುತ್ತ, ಒಂದೊಂದು ಅಕ್ಷರಕ್ಕೂ ನಿಂತು, ರೇವವ್ವ, ರೇವವ್ವ ಎಂದು ಓದುತ್ತಿದ್ದ.